ಐದನೆಯ ಪಾಠದ ಸುಳ್ಳು

ಜೂನ್ ೯

ಅಕ್ಕಾ,

ನಿನ್ನ ದಪ್ಪ ಲಕೋಟೆ ಬಂತು. ಫೋನ್ ಎತ್ತದವನನ್ನು ಅಂಚೆಯಲ್ಲಿ ಹಿಡಿಯುತ್ತೀಯ ಎಂದು ಗೊತ್ತಿದ್ದರೆ ಅಮ್ಮನಿಗೆ ವಿಳಾಸವನ್ನೇ ಕೊಡುತ್ತಿರಲಿಲ್ಲ. ಭಾರ ನೋಡಿ, ಅಮ್ಮ ತಿನ್ನಲು ಏನೋ ಕಟ್ಟಿ ಕಳಿಸಿದ್ದಾಳೆ ಎಂದು ಆಸೆಯಿಂದ ಬಿಚ್ಚಿದೆ. ಒಳಗೆ ಪಾಠ. ಶಾಲೆ ಬಿಟ್ಟು ಇಷ್ಟು ವರ್ಷವಾದ ಮೇಲೆ ಪಾಠವೇ ನನ್ನನ್ನು ಹುಡುಕಿಕೊಂಡು ಮಹಡಿ ಹತ್ತಿ ಬಂದಿದೆ. ಹಣೆಬರಹ ಅನ್ನಬೇಕು.

ನಿನ್ನ ಕಷ್ಟ ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಹಗಲು ದುಡಿಯುವವರಿಗೆ ಸಂಜೆ ಪ್ರೋಗ್ರಾಮಿಂಗ್ ಕಲಿಸುವ ತರಗತಿ ನಡೆಸುತ್ತಿದ್ದೀಯ. ಕೋಡ್ ಬರೆಸುವ ಮೊದಲು ಫ್ಲೋಚಾರ್ಟ್ ಬರೆಸುತ್ತೀಯ: ಶುರುವಿಗೆ ಮೊಟ್ಟೆಯಾಕಾರ, ಕೆಲಸಕ್ಕೆ ಚೌಕ, ಪ್ರಶ್ನೆಗೆ ವಜ್ರ, ನಡುವೆ ಬಾಣಗಳು. ಈ ತಂಡದ ಪಾಠ ಮುಗಿಯುವಾಗ ಅರ್ಧದಷ್ಟಾದರೂ ಜನ ಉಳಿದಿದ್ದರೆ ತರಗತಿಯೂ ಉಳಿಯುತ್ತದೆ, ಎರಡನೆಯ ಭಾಗವೂ ಶುರುವಾಗುತ್ತದೆ. ಇಲ್ಲದಿದ್ದರೆ ಸಂಸ್ಥೆಯ ಮುಖ್ಯಸ್ಥರು ಬೀಗ ಹಾಕುತ್ತಾರೆ, ನಿನ್ನ ಕೆಲಸವೂ ಅದರೊಳಗೇ. ವಾರವಾರವೂ ಒಂದೆರಡು ಕುರ್ಚಿ ಖಾಲಿಯಾಗುತ್ತಿವೆ. ಯಾಕೆಂದು ಯಾರೂ ಹೇಳುವುದಿಲ್ಲ. ಎಲ್ಲರೂ ‘ಮನೇಲಿ ಸ್ವಲ್ಪ ತೊಂದರೆ ಮೇಡಂ’ ಎಂದು ನಕ್ಕು ಹೋಗುತ್ತಾರೆ.

ಅದಕ್ಕೇ ನನಗೆ ಬರೆದಿದ್ದೀಯ: ‘ಬಿಡುವುದರಲ್ಲಿ ನಿನ್ನಷ್ಟು ಅನುಭವ ಇರುವವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಶಾಲೆ ಯಾಕೆ ಬಿಟ್ಟೆ ಎಂದು ಕೇಳುತ್ತಿಲ್ಲ. ನನ್ನ ಪಾಠವನ್ನು ಯಾವ ಪುಟದಲ್ಲಿ ಬಿಡಬೇಕು ಅನ್ನಿಸಿತು, ಅಷ್ಟು ಹೇಳು.’

ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೆಯ ಸಲ ನಗು ಬಂತು. ಮೊಳೆಯಣ್ಣನಿಗೂ ಓದಿ ಹೇಳಿದೆ. ಈಗ ಬೀರು, ಮಂಚ ಜೋಡಿಸುವ ಕೆಲಸದಲ್ಲಿದ್ದೇನೆ. ಅಂಗಡಿಯವರು ಹಲಗೆಗಳನ್ನು ವ್ಯಾನಿನಲ್ಲಿ ಕಳಿಸುತ್ತಾರೆ, ನಾನೂ ಮೊಳೆಯಣ್ಣನೂ ಹೋಗಿ ಕೊಂಡವರ ಮನೆಯಲ್ಲಿ ಜೋಡಿಸಿ ಬರುತ್ತೇವೆ. ಅವರು ಹಳೇ ಬಡಗಿ. ಸದಾ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿರುವುದರಿಂದ ಆ ಹೆಸರು. ಮಾತಾಡಬೇಕಾದರೆ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಬೇಕು, ಆದ್ದರಿಂದ ಬೇಕಾದ್ದಷ್ಟೇ ಮಾತಾಡುತ್ತಾರೆ. ನಿನ್ನ ಕಾಗದಕ್ಕಾಗಿ ಉಗುಳಿದರು.

“ಒಳ್ಳೆ ಅಕ್ಕ ಕಣೋ. ನಿನ್ನ ಚಾಳಿಗೂ ಒಂದು ಉಪಯೋಗ ಹುಡುಕಿದ್ದಾಳೆ.”

ಈಗ ಮೊದಲ ಪಾಠ. ‘ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವುದು.’ ಎರಡನೆಯ ಪುಟದಲ್ಲಿ ಎದ್ದು ಹೋಗಿ ಮುಖ ತೊಳೆದು ಬಂದೆ. ಏಳು, ಹನ್ನೆರಡು. ಯಾವುದು ದೊಡ್ಡದು ಎಂದು ನೋಡಿದರೇ ಗೊತ್ತಾಗುತ್ತದಲ್ಲ, ಅದಕ್ಕೆ ವಜ್ರ ಯಾಕೆ, ಬಾಣ ಯಾಕೆ? ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಕಂಪ್ಯೂಟರ್ ತಾನಾಗಿ ಏನನ್ನೂ ನೋಡಲಾರದು, ಕೇಳಿದ್ದನ್ನಷ್ಟೇ ಉತ್ತರಿಸುತ್ತದೆ ಎಂದಿದ್ದೀಯ. ಅಕ್ಕಾ, ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಅದು ಕುರುಡ ಎಂದು ಗೊತ್ತಾಗಿದ್ದರೆ ನಾನು ಕೈ ಹಿಡಿದು ನಡೆಸುತ್ತಿದ್ದೆ. ಗೊತ್ತಿಲ್ಲದ್ದರಿಂದ ಅದು ನನ್ನನ್ನೇ ದಡ್ಡ ಎಂದುಕೊಂಡಿದೆ ಅನ್ನಿಸಿತು.

ಎರಡನೆಯ ಪಾಠ ಪರವಾಗಿಲ್ಲ. ಚೆನ್ನಾಗಿದೆ ಎನ್ನುವಷ್ಟಿಲ್ಲ.

ನಿನ್ನ
ಗಿರಗಿಟ್ಲೆ

——

ಜೂನ್ ೨೧

ಗಿರಗಿಟ್ಲೆಗೆ,

‘ಪರವಾಗಿಲ್ಲ’ವನ್ನು ಅಮ್ಮನಿಗೆ ಓದಿ ಹೇಳಿದೆ. “ಅವನ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಬೇರೆಯವರು ಹಾರ ಹಾಕಿದ ಹಾಗೆ” ಎಂದಳು. ಆಮೇಲೆ, ನಿನ್ನ ಊಟದ ಬಗ್ಗೆ ತಾನು ಕೇಳಿದೆ ಎಂದು ಬರೆಯಕೂಡದು ಎಂದಳು. ಬರೆಯುತ್ತಿಲ್ಲ.

ಕುರುಡನ ಮಾತನ್ನು ಮೊದಲ ಸಾಲಿಗೆ ತಂದೆ. ನಿನ್ನೆ ತರಗತಿಯಲ್ಲಿ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಬ್ಬರ ಕೈಗೆ ಚಾರ್ಟ್ ಕೊಟ್ಟು, ಬಾಗಿಲಿನಿಂದ ಬೋರ್ಡಿನವರೆಗೆ ನಡೆಸಿ ಎಂದೆ. ನಿವೃತ್ತ ಕಂಡಕ್ಟರ್ ಒಬ್ಬರಿದ್ದಾರೆ, ತರಗತಿಗೆಲ್ಲ ಹಿರಿಯರು. ಆಸ್ಪತ್ರೆಯ ನರ್ಸ್ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಳು, ಅವರು ನಡೆಸಿದರು. “ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ” ಎನ್ನುತ್ತಲೇ ಅವಳನ್ನು ಮೇಜಿಗೆ ಗುದ್ದಿಸಿದರು. ‘ನಿಲ್ಲು’ ಎಂಬ ಚೌಕವೇ ಅವರ ಚಾರ್ಟಿನಲ್ಲಿರಲಿಲ್ಲ.

ನಕ್ಕರು. ಆದರೂ ಈ ವಾರ ಮತ್ತೊಂದು ಕುರ್ಚಿ ಖಾಲಿ.

ಮೂರು, ನಾಲ್ಕನೆಯ ಪಾಠ ಇದರೊಡನೆ ಇವೆ. ನಿನ್ನ ಹತ್ತಿರ ಕಂಪ್ಯೂಟರ್ ಇಲ್ಲವೆಂದು ಗೊತ್ತು. ಚಾರ್ಟಿನ ಮೇಲೆ ಬೆರಳಿಟ್ಟುಕೊಂಡು ನೀನೇ ಯಂತ್ರವಾಗು. ಬಾಣ ಹೇಳಿದಲ್ಲಿಗೆ ಹೋಗು, ಚೌಕ ಹೇಳಿದ್ದನ್ನು ಮಾಡು, ಸ್ವಂತ ಬುದ್ಧಿ ಉಪಯೋಗಿಸಬೇಡ. ಇದೊಂದು ನಿನಗೆ ಕಷ್ಟವಾಗಬಹುದು.

ಅಕ್ಕ

——

ಜುಲೈ ೧೪

ಅಕ್ಕಾ,

ನಿನ್ನಿಂದ ಬೈಸಿಕೊಂಡೆ. ನಿನ್ನ ಕೈಯಲ್ಲಲ್ಲ, ಅಂಗಡಿಯ ಮಾಲೀಕರ ಕೈಯಲ್ಲಿ, ನಿನ್ನ ದೆಸೆಯಿಂದ.

ಮೂರನೆಯ ಪಾಠದ ಕೊನೆಗೆ ‘ನಿಮ್ಮ ದಿನನಿತ್ಯದ ಕೆಲಸವೊಂದಕ್ಕೆ ಚಾರ್ಟ್ ಬರೆಯಿರಿ’ ಎಂದಿತ್ತು. ಬರೆದೆ. ಶುರು. ಬೆಲ್ ಒತ್ತು. ಬಾಗಿಲು ತೆರೆಯಿತೇ? ಹೌದು ಎಂದರೆ ಬೀರು ಒಳಗೆ ತೆಗೆದುಕೊಂಡು ಹೋಗು. ಇಲ್ಲ ಎಂದರೆ ಬಾಣ ಹಿಂದಕ್ಕೆ, ಬೆಲ್ ಒತ್ತು. ಬಹಳ ಚೆನ್ನಾಗಿ ಬಂತು ಎಂದು ಮೊಳೆಯಣ್ಣನಿಗೆ ತೋರಿಸಿದೆ. ಅವರು ಬೆರಳಿಟ್ಟು ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು, ಮೊಳೆ ಉಗುಳಿದರು.

“ಇದರ ಪ್ರಕಾರಾನೇ ಮಾಡ್ತೀಯಾ?”

“ಮಾಡ್ತೀನಿ.”

“ಅಕ್ಷರಕ್ಕಕ್ಷರ?”

“ಮಾತು ಅಂದ್ರೆ ಮಾತು.”

ಮರುದಿನ ಹೋದ ಮನೆಯಲ್ಲಿ ಯಾರೂ ಇರಲಿಲ್ಲ. ಬೆಲ್ ಒತ್ತಿದೆ. ತೆರೆಯಲಿಲ್ಲ. ಬಾಣ ಹಿಂದಕ್ಕೆ. ಒತ್ತಿದೆ. ಮೊಳೆಯಣ್ಣ ಮೆಟ್ಟಿಲ ಮೇಲೆ ಆರಾಮಾಗಿ ಕೂತು ಬುತ್ತಿ ಬಿಚ್ಚಿದರು. ನನಗೆ ಮೊದಲೇ ಗೊತ್ತಾಗಿತ್ತು, ಆದರೆ ಮಾತು ಕೊಟ್ಟಾಗಿತ್ತು. ಎದುರು ಮನೆಯಾಕೆ ಹೊರಗೆ ಬಂದರು.

“ಏನಪ್ಪಾ, ಅವರು ಇಲ್ಲ ಅಂತ ಗೊತ್ತಾಗಲ್ವಾ?”

“ಗೊತ್ತಮ್ಮಾ. ಆದ್ರೆ ಚಾರ್ಟಲ್ಲಿ ಇಲ್ಲ.”

“ಯಾವ ಚಾರ್ಟು?”

“ನಾನೇ ಬರೆದಿದ್ದು.”

ಆಕೆ ನನ್ನನ್ನು ಬಿಟ್ಟು ಮೊಳೆಯಣ್ಣನ ಮುಖ ನೋಡಿದರು. “ನಿಮ್ಮ ಹುಡುಗನಾ?” ಎಂದು ಕನಿಕರದಿಂದ ಕೇಳಿದರು. ಅವರು ತುತ್ತು ನುಂಗಿ, “ನಮ್ಮವನಲ್ಲ, ಒಬ್ಬ ಟೀಚರ್ ತಮ್ಮ” ಎಂದರು. ಅಷ್ಟರಲ್ಲಿ ಬೆಲ್ ಕೆಟ್ಟುಹೋಯಿತು. ಬೆಲ್ ಒತ್ತಲಾಗದಿದ್ದರೆ ಏನು ಮಾಡಬೇಕೆಂದು ಚಾರ್ಟಿನಲ್ಲಿ ಇರಲಿಲ್ಲವಾದ್ದರಿಂದ ನಾನು ಬಿಡುಗಡೆ ಪಡೆದೆ. ಬೆಲ್ ಹೊಸದು ಹಾಕಿಸಿಕೊಟ್ಟೆವು.

ಮೂರು, ನಾಲ್ಕು ಎರಡೂ ಪಾಠಗಳಲ್ಲಿ ಎಲ್ಲಿಯೂ ಬಿಡಬೇಕು ಅನ್ನಿಸಲಿಲ್ಲ. ನನಗೇ ಆಶ್ಚರ್ಯ. ಅಮ್ಮನಿಗೆ ಹೇಳು, ನಾನು ಊಟ ಮಾಡುತ್ತಿದ್ದೇನೆ. ಅವಳು ಕೇಳಿಲ್ಲ ಎಂದು ಗೊತ್ತು.

ಗಿರಗಿಟ್ಲೆ

——

ಜುಲೈ ೨೫

ಗಿರಗಿಟ್ಲೆಗೆ,

ನಿನ್ನ ಬೆಲ್ಲಿನ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಕಂಡಕ್ಟರ್ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ತಮ್ಮ ಹರಿಶ್ಚಂದ್ರನ ಕಡೆಯವನು ಮೇಡಂ” ಎಂದರು. ಕೊನೆಯೇ ಇಲ್ಲದೆ ಸುತ್ತುವ ಚಾರ್ಟನ್ನು ನಾನು ಎಷ್ಟು ವರ್ಷಗಳಿಂದ ಬೋರ್ಡಿನ ಮೇಲೆ ಬರೆದು ಎಚ್ಚರಿಸಿದ್ದೇನೋ, ಯಾರಿಗೂ ಇಷ್ಟು ನಾಟಿರಲಿಲ್ಲ.

ಆದ್ದರಿಂದ ಐದನೆಯ ಪಾಠವನ್ನು ನಿನ್ನ ಬೆಲ್ಲಿನಿಂದಲೇ ಮತ್ತೆ ಕಟ್ಟಿದೆ. ಮೂರು ಸಲ ಒತ್ತಿ ನಿಲ್ಲಬೇಕಾದರೆ ಯಂತ್ರ ಎಣಿಸಬೇಕು. ಎಣಿಸಲು ಅದಕ್ಕೊಂದು ಜಾಗ ಬೇಕು. ಆ ಜಾಗಕ್ಕೆ ‘ಕ’ ಎಂದು ಹೆಸರಿಟ್ಟಿದ್ದೇನೆ. ಈ ಪಾಠ ದಾಟಿದವರು ಸಾಮಾನ್ಯವಾಗಿ ಕೊನೆಯವರೆಗೂ ಬರುತ್ತಾರೆ. ಓದಿ ಹೇಳು. ಈಗ ಉಳಿದವರಲ್ಲಿ ಇನ್ನೂ ನಾಲ್ಕೈದು ಜನ ಹೋದರೆ ಮುಖ್ಯಸ್ಥರು ಹೇಳಿದ ಅರ್ಧಕ್ಕಿಂತ ಕೆಳಗೆ ಇಳಿಯುತ್ತೇನೆ.

ಇದು ನಿನಗಾಗಿ ಬರೆದ ಪಾಠ. ಮುಲಾಜಿಲ್ಲದೆ ಬರೆ.

ಅಕ್ಕ

——

ಆಗಸ್ಟ್ ೩೦

ಗಿರಗಿಟ್ಲೆಗೆ,

ಅಂಚೆ ತಪ್ಪಿರಬಹುದೆಂದು ಐದನೆಯ ಪಾಠದ ಇನ್ನೊಂದು ಪ್ರತಿ ಕಳಿಸುತ್ತಿದ್ದೇನೆ.

ಕೆಲಸ ಬದಲಾಯಿಸಿದೆಯಾ? ಬದಲಾಯಿಸಿದ್ದರೂ ಬೇಸರವಿಲ್ಲ. ಪಾಠ ಓದದಿದ್ದರೂ ಸರಿಯೇ. ಎರಡು ಸಾಲು ಹಾಕು.

ಐದನೆಯ ಪಾಠ ಮುಗಿಯಿತು. ಮುಂದಿನ ವಾರ ಕಂಡಕ್ಟರ್ ಬರಲಿಲ್ಲ. ನರ್ಸ್ ಬಂದಿದ್ದಳು, ಹಿಂದಿನ ಸಾಲಿಗೆ ಹೋಗಿ ಕೂತಳು. ಇನ್ನೂ ಮೂವರು ಇಲ್ಲ. ನಾನೀಗ ಅರ್ಧಕ್ಕಿಂತ ಕೆಳಗಿದ್ದೇನೆ.

ಅಮ್ಮ ಈ ಸಲ ಕೇಳುತ್ತಿದ್ದಾಳೆ, ಕೇಳಿದೆ ಎಂದೇ ಬರೆ ಎಂದಿದ್ದಾಳೆ.

ಅಕ್ಕ

——

ಸೆಪ್ಟೆಂಬರ್ ೧೧

ಅಕ್ಕಾ,

ಅಂಚೆ ತಪ್ಪಿಲ್ಲ. ಕೆಲಸವೂ ಬದಲಾಗಿಲ್ಲ. ಐದನೆಯ ಪಾಠ ಜುಲೈ ಮುಗಿಯುವ ಮೊದಲೇ ಬಂದಿತ್ತು. ಬಂದ ದಿನವೇ ಓದಿದೆ. ಎರಡನೆಯ ಪುಟದಲ್ಲಿ ನಿಂತೆ. ಆಮೇಲೆ ‘ಪಾಠ ಚೆನ್ನಾಗಿದೆ, ತಿಳಿಯಿತು’ ಎಂದು ಕಾಗದ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಅಂಚೆ ಡಬ್ಬಿಯವರೆಗೂ ಹೋಗಿ, ಹರಿದು ಜೇಬಿಗೆ ಹಾಕಿಕೊಂಡು ಬಂದೆ. ಹಾಗೆ ಮಾಡಿದ್ದು ಒಂದೇ ಸಲವಲ್ಲ.

ಎರಡನೆಯ ಪುಟದ ನಡುವಿನ ಚೌಕದಲ್ಲಿ ಹೀಗೆ ಬರೆದಿದ್ದೀಯ:

ಕ = ಕ + ೧

ಅಕ್ಕಾ, ಇದು ಸುಳ್ಳು.

ನಾನು ದಡ್ಡನಿರಬಹುದು, ಆದರೆ ಇಷ್ಟು ಗೊತ್ತು. ಯಾವುದೂ ತನಗಿಂತ ತಾನೇ ಒಂದು ಹೆಚ್ಚಿರಲು ಸಾಧ್ಯವಿಲ್ಲ. ಕ ಐದಾಗಿದ್ದರೆ, ಐದು ಎಂದರೆ ಆರು ಎಂದಾಯಿತು. ಮೊಳೆಯಣ್ಣನಿಗೆ ತೋರಿಸಿದೆ. “ನನ್ನ ವಯಸ್ಸೂ ಹಂಗೇ, ಪ್ರತಿ ವರ್ಷ ಒಂದು ಹೆಚ್ಚು, ಆದ್ರೂ ನಾನು ನಾನೇ” ಎಂದು ತಮಾಷೆ ಮಾಡಿದರು. ನಗು ಬರಲಿಲ್ಲ. ಬೆರಳನ್ನು ಆ ಚೌಕದ ಮೇಲಿಟ್ಟರೆ ಮುಂದಕ್ಕೆ ಎತ್ತಲು ಮನಸ್ಸೇ ಬರುವುದಿಲ್ಲ. ಬೇರೆ ಪಾಠವಾಗಿದ್ದರೆ ಅರ್ಥವಾಗಲಿಲ್ಲ ಎಂದು ಆರಾಮಾಗಿ ಬರೆಯುತ್ತಿದ್ದೆ. ಇದನ್ನು ನೀನು ನನಗಾಗಿ ಕಟ್ಟಿದ್ದೆ. ನನ್ನದೇ ಬೆಲ್. ನನ್ನದೇ ಬೆಲ್ ನನಗೆ ತಿಳಿಯಲಿಲ್ಲ ಎಂದು ಹೇಗೆ ಬರೆಯುವುದು?

ನೀನು ಶಾಲೆಯ ಬಗ್ಗೆ ಕೇಳಲಿಲ್ಲ. ಕೇಳದೇ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದೀಯ ಎಂದು ನನಗೆ ಗೊತ್ತು. ಹೇಳಿಬಿಡುತ್ತೇನೆ. ಯಾರೋ ಹೊಡೆದರು, ಕೆಟ್ಟ ಸಹವಾಸ ಎಂದೆಲ್ಲ ನೀವು ಅಂದುಕೊಂಡಿರಿ. ಹಾಗೇನೂ ಇಲ್ಲ. ಒಂದು ದಿನ ಗಣಿತದ ಮೇಷ್ಟ್ರು ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಬರುತ್ತದೆ ಎಂದರು. ಹೇಗೆ ಸಾರ್ ಎಂದೆ. “ಅದು ಹಾಗೇ ಕಣಯ್ಯಾ, ಬರ್ಕೋ” ಎಂದರು. ಒಳ್ಳೆಯವರೇ, ಬೈಯಲಿಲ್ಲ. ಮರುದಿನ ಅದರ ಮೇಲೆ ಇನ್ನೊಂದು ಕಟ್ಟಿದರು, ಅದರ ಮೇಲೆ ಮತ್ತೊಂದು. ‘ತಿಳೀತಾ?’ ಎಂದು ಅವರು ಕೇಳಿದಾಗಲೆಲ್ಲ ಎಲ್ಲರ ತಲೆಯೂ ಆಡುತ್ತಿತ್ತು, ನನ್ನದೂ ಆಡಿತು. ವರ್ಷ ಪೂರ್ತಿ ಆಡಿಸಿದೆ. ಕೊನೆಗೆ ಆ ತಲೆಯನ್ನು ಹೊತ್ತುಕೊಂಡು ಒಳಗೆ ಹೋಗುವುದೇ ಅಸಹ್ಯವಾಯಿತು. ಗೇಟಿನ ತನಕ ಹೋಗಿ ತಿರುಗಿ ಬಂದೆ. ಅಷ್ಟೇ ನಡೆದದ್ದು. ಆಮೇಲೆ ಯಾರ ಮುಂದೆಯೂ ಸುಮ್ಮನೆ ತಲೆ ಆಡಿಸಕೂಡದು ಎಂದುಕೊಂಡೆ. ಅದರಿಂದಲೇ ನನ್ನನ್ನು ಯಾವ ಕೆಲಸದಲ್ಲೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ನಿನ್ನ ಕಂಡಕ್ಟರಿಗೆ ಬೇಸರ ಬಂದು ಬಿಟ್ಟರೆಂದು ನನಗೆ ಅನ್ನಿಸುವುದಿಲ್ಲ. ಬೇಸರ ಬಂದವನು ಆಕಳಿಸುತ್ತ ಕೂತಿರುತ್ತಾನೆ, ಓಡುವುದಿಲ್ಲ. ಅವರೂ ಅದೇ ಚೌಕದ ಮೇಲೆ ಬೆರಳಿಟ್ಟು ನಿಂತಿರಬೇಕು.

ಪಾಠ ಐದು, ಪುಟ ಎರಡು. ಇಲ್ಲಿ ಬಿಟ್ಟೆ.

ಗಿರಗಿಟ್ಲೆ

——

ಸೆಪ್ಟೆಂಬರ್ ೨೬

ನನ್ನ ಗಿರಗಿಟ್ಲೆಗೆ,

ನಿನ್ನ ಕಾಗದ ಬಂದ ಸಂಜೆ ತರಗತಿಯಿತ್ತು. ಬೋರ್ಡಿನ ಮೇಲೆ ಬೇರೇನೂ ಬರೆಯದೆ ‘ಕ = ಕ + ೧’ ಎಂದಷ್ಟೇ ಬರೆದೆ. ‘ಇದು ಸುಳ್ಳು ಅಂತ ಯಾರಿಗೆ ಅನ್ನಿಸಿತ್ತು?’ ಎಂದು ಕೇಳಿದೆ. ‘ನನ್ನ ತಮ್ಮನಿಗೆ ಅನ್ನಿಸಿದೆ, ಕಾಗದ ಬರೆದಿದ್ದಾನೆ’ ಎಂದೆ. ಆಗ ಹಿಂದಿನ ಸಾಲಿನಿಂದ ನರ್ಸ್ ಎದ್ದಳು.

“ನಂಗೂ ಅನ್ನಿಸ್ತು ಮೇಡಂ. ಗಣಿತ ಬರಲ್ವಲ್ಲ, ಅದಕ್ಕೇ ಹಂಗೆ ಅನ್ನಿಸ್ತಿದೆ ಅಂತ ಸುಮ್ಮನಾದೆ.”

ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ಬಹುಪಾಲು ಎಲ್ಲರೂ. ನಾನು ಹನ್ನೊಂದು ವರ್ಷಗಳಿಂದ ಆ ಸಾಲನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ‘ತಿಳೀತಾ?’ ಎಂದು ನಾನೂ ಕೇಳುತ್ತೇನೆ. ತಲೆಗಳು ಆಡುತ್ತವೆ.

ನೀನು ಹೇಳಿದ್ದು ಸರಿ. ಆ ಚಿಹ್ನೆಯನ್ನು ಶಾಲೆಯಲ್ಲಿ ‘ಸಮ’ ಎಂದು ಕಲಿತವರಿಗೆ ಅದು ಸುಳ್ಳೇ. ಯಂತ್ರದ ಭಾಷೆಯಲ್ಲಿ ಅದರ ಅರ್ಥ ‘ಸಮ’ ಅಲ್ಲ, ‘ಹಾಕು’. ಕ ಎಂಬುದು ಒಂದು ಡಬ್ಬಿ. ಅದರಲ್ಲಿ ಇರುವುದನ್ನು ತೆಗೆ, ಒಂದು ಸೇರಿಸು, ಬಂದದ್ದನ್ನು ಅದೇ ಡಬ್ಬಿಗೆ ಹಾಕು. ಮೊದಲು ಬಲಗಡೆಯದು ನಡೆಯುತ್ತದೆ, ಆಮೇಲೆ ಎಡಗಡೆಗೆ ಬರುತ್ತದೆ. ಪುಟದ ತುಂಬ ಬಾಣ ಬರೆಯುವ ನಾನು ಇಲ್ಲೊಂದು ಬಾಣ ಯಾಕೆ ಬರೆಯಲಿಲ್ಲವೋ. ಈಗ ಹೀಗೆ ಬದಲಾಯಿಸಿದ್ದೇನೆ:

ಕ ← ಕ + ೧

ಮೊಳೆಯಣ್ಣನ ವಯಸ್ಸಿನ ಮಾತು ತಮಾಷೆಯಲ್ಲ, ಸರಿಯುತ್ತರ. ಅವರಿಗೆ ಹೇಳು.

ಬಿಟ್ಟುಹೋದವರ ಮನೆಗಳಿಗೆ ನಾನೇ ಹೋದೆ. ಕಂಡಕ್ಟರ್ ಬಾಗಿಲು ತೆರೆದು, ಮೊಮ್ಮಗುವನ್ನು ಎತ್ತಿಕೊಂಡೇ, ಮನೆಯಲ್ಲಿ ತೊಂದರೆ ಎಂದು ಶುರು ಮಾಡಿದರು. ನಾನು ಕಾಗದ ತೆಗೆದು ಆ ಬಾಣ ಬರೆದು ತೋರಿಸಿದೆ. ಬಾಣದ ಮೇಲೆ ಬೆರಳಾಡಿಸಿದರು.

“ಅಂದ್ರೆ ನಾನು ಪೆದ್ದ ಅಲ್ಲ.”

“ಅಲ್ಲ ಸಾರ್. ನಾನು ಅವಸರ ಮಾಡಿದೆ.”

“ನಾನಿನ್ನು ಬರಲ್ಲ ಮೇಡಂ, ಈ ಮಗೂನ ನೋಡ್ಕೋಬೇಕು, ಅದು ನಿಜವಾದ ತೊಂದರೆ. ಆದ್ರೆ ಇದನ್ನ ಹೇಳಿದ್ದಕ್ಕೆ ಒಳ್ಳೇದಾಗಲಿ.” ಕಾಗದವನ್ನು ಇಟ್ಟುಕೊಂಡರು.

ಉಳಿದವರಲ್ಲಿ ಕೆಲವರು ಬರುತ್ತೇವೆ ಎಂದಿದ್ದಾರೆ. ನೋಡಬೇಕು.

ನೀನು ಗೇಟಿನಿಂದ ತಿರುಗಿ ಬಂದ ಆ ದಿನ ನಾನು ನಡುಮನೆಯಲ್ಲೇ ಇದ್ದೆ. ಪರೀಕ್ಷೆಗೆ ಓದುತ್ತಿದ್ದೆ. ನೀನು ಚೀಲವನ್ನು ಮೂಲೆಗೆ ಇಟ್ಟ ಸದ್ದು ಕೇಳಿತು. ತಲೆ ಎತ್ತಲಿಲ್ಲ.

ಅಕ್ಕ

——

ಅಕ್ಟೋಬರ್ ೮

ಅಕ್ಕಾ,

ಡಬ್ಬಿ ಎಂದು ಓದಿದ ಕೂಡಲೇ ಬೆರಳು ತಾನಾಗಿ ಮುಂದೆ ಹೋಯಿತು. ಒತ್ತಿದೆ, ಕ ಒಂದು. ಒತ್ತಿದೆ, ಎರಡು. ಮೂರಕ್ಕೆ ಹೊರಗೆ ಬಂದೆ. ಮೊಳೆಯಣ್ಣ ಬೆನ್ನಿಗೆ ಗುದ್ದಿದರು. ತಮ್ಮ ಉತ್ತರ ಸರಿ ಎಂದು ತಿಳಿದಾಗಿನಿಂದ ಅವರು ಮೊಳೆ ಉಗುಳಿಯೇ ಓಡಾಡುತ್ತಿದ್ದಾರೆ. ವ್ಯಾನಿನ ಡ್ರೈವರಿಗೂ ಡಬ್ಬಿ ವಿವರಿಸಿದರು.

ನೀನು ಆ ಕಾಗದದೊಡನೆ ಕಳಿಸಿದ್ದ ಪಾಠಗಳನ್ನೂ, ಆರರಿಂದ ಹತ್ತರವರೆಗೆ, ಮುಗಿಸಿದೆ. ಎಂಟನೆಯದು ಬೇಸರ. ಅದು ಬರೀ ಬೇಸರ, ಬಿಡುವಷ್ಟಲ್ಲ.

ಕೊನೆಯ ಸಾಲಿನ ವಿಷಯ. ನೀನು ತಲೆ ಎತ್ತಿದ್ದರೂ ನಾನು ಆಗ ಹೇಳುತ್ತಿರಲಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ, ನಾನು ಹಾಗೆ ಬರೆಯುವುದಿಲ್ಲ ಎಂದು ನಿನಗೆ ಗೊತ್ತು.

ಎಷ್ಟು ಜನ ಬಂದರು?

ಗಿರಗಿಟ್ಲೆ

——

ನವೆಂಬರ್ ೪

ಗಿರಗಿಟ್ಲೆಗೆ,

ಸಾಕಷ್ಟು ಜನ ಬಂದರು. ಮುಖ್ಯಸ್ಥರು ಕೊನೆಯ ಸಂಜೆ ಬಂದು, ಬಾಗಿಲಲ್ಲಿ ನಿಂತು, ತುಟಿಯಲ್ಲೇ ಎಣಿಸಿದರು. ಅರ್ಧಕ್ಕಿಂತ ಇಬ್ಬರು ಹೆಚ್ಚು. ಮತ್ತೊಮ್ಮೆ ಎಣಿಸಿ, “ಸರಿ, ನಡೆಸಿ” ಎಂದು ಹೊರಟುಹೋದರು. ಅವರು ಹೋದ ಮೇಲೆ ನಾನು ಮೇಜು ಹಿಡಿದುಕೊಂಡು ನಿಂತೆ. ಹೊಸ ತಂಡ ಜನವರಿಗೆ. ಎರಡನೆಯ ಭಾಗವೂ ಆಗಲೇ ಶುರು.

ಈಗ ಕೇಳು. ಹೊಸ ತಂಡಕ್ಕೆ ನನ್ನೊಡನೆ ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಕಲಿಸುವವನಲ್ಲ. ಕಲಿಯುವವರ ನಡುವೆ ಕೂತು, ಎಲ್ಲರಿಗಿಂತ ಮೊದಲು ‘ನನಗೆ ತಿಳಿಯಲಿಲ್ಲ’ ಎಂದು ಗಟ್ಟಿಯಾಗಿ ಹೇಳುವವನು ಬೇಕು. ಒಬ್ಬರು ಹೇಳಿದರೆ ಉಳಿದವರೂ ಬಾಯಿ ಬಿಡುತ್ತಾರೆ, ಕಣ್ಣಾರೆ ಕಂಡೆ. ಸಂಬಳ ಹೇಳಿಕೊಳ್ಳುವಂತಿಲ್ಲ. ಮನೆಯಲ್ಲಿ ನಿನ್ನ ಕೋಣೆ ಇದೆ. ಈ ಕೆಲಸಕ್ಕೆ ನಿನ್ನನ್ನು ಬಿಟ್ಟರೆ ಇನ್ಯಾರೂ ನನಗೆ ಹೊಳೆಯುವುದಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಈಗಲೇ ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ.

ಅಕ್ಕ

——

ನವೆಂಬರ್ ೧೩

ಅಕ್ಕಾ,

ಅರ್ಧಕ್ಕಿಂತ ಇಬ್ಬರು ಹೆಚ್ಚು ಎಂಬುದನ್ನು ಮೊಳೆಯಣ್ಣನಿಗೆ ಓದಿ ಹೇಳಿ, ಇಬ್ಬರೂ ಎರಡೆರಡು ಲೋಟ ಚಹಾ ಕುಡಿದೆವು. ನೀನು ಮೇಜು ಹಿಡಿದುಕೊಂಡ ಸಾಲನ್ನು ನಾನೊಬ್ಬನೇ ಓದಿಕೊಂಡೆ.

ನೀನು ಕೊಟ್ಟ ಕೆಲಸ ನನ್ನಿಂದಾಗುವುದಿಲ್ಲ. ಸಿಟ್ಟಾಗಬೇಡ, ಪೂರ್ತಿ ಓದು. ಎರಡು ದಿನ ಯೋಚಿಸಿದೆ. ಹೊಸ ತಂಡದವರ ನಡುವೆ ನಾನು ಕೂತಿದ್ದೇನೆ ಎಂದಿಟ್ಟುಕೊ. ನೀನು ಐದನೆಯ ಪಾಠಕ್ಕೆ ಬಂದು ಡಬ್ಬಿಯ ಬಾಣ ಬರೆದು ‘ತಿಳೀತಾ?’ ಎನ್ನುತ್ತೀಯ. ನಾನು ಎದ್ದು ತಿಳಿಯಲಿಲ್ಲ ಎನ್ನಬೇಕು. ಆದರೆ ಅಕ್ಕಾ, ನನಗೆ ತಿಳಿದುಬಿಟ್ಟಿದೆ. ತಿಳಿಯದೆ ತಲೆ ಆಡಿಸಿದ್ದು ಸಾಕಾಗಿದೆ. ಇನ್ನು ತಿಳಿದೂ ತಲೆ ಅಲ್ಲಾಡಿಸದೆ ಕೂರಲಾರೆ. ಅಲ್ಲಿಗೆ ನಿಜವಾಗಿ ತಿಳಿಯದವರೊಬ್ಬರನ್ನು ಹುಡುಕು. ನರ್ಸನ್ನು ಕೇಳಿ ನೋಡು, ಅವಳಿಗೆ ಅಂಥವರು ಗೊತ್ತಿರುತ್ತಾರೆ, ಮತ್ತು ಅವರಿಗೆ ಅವಳನ್ನು ಕಂಡರೆ ಭಯವಿರುವುದಿಲ್ಲ.

ಎರಡನೆಯ ಭಾಗ ಎಂದೆಯಲ್ಲ. ಅದರಲ್ಲಿ ಏನಿದೆ ಎಂದು ನನಗೆ ಒಂದಕ್ಷರವೂ ಗೊತ್ತಿಲ್ಲ. ಅಲ್ಲಿ ನನಗೆ ಖಂಡಿತ ತಿಳಿಯುವುದಿಲ್ಲ, ನಾಟಕ ಬೇಕಾಗಿಲ್ಲ. ಅದಕ್ಕೆ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುತ್ತೀಯಾ? ಹತ್ತನೇ ತರಗತಿ ಪಾಸಾಗಿರಬೇಕೆಂಬ ನಿಯಮವಿದ್ದರೆ ಈಗಲೇ ಹೇಳು, ನಾನು ಆಗಿಲ್ಲ. ಪೂರ್ತಿ ಮುಗಿಸುತ್ತೇನೆ ಎಂದು ಮಾತು ಕೊಡುವುದಿಲ್ಲ. ಬಿಡಬೇಕು ಅನ್ನಿಸಿದರೆ ಯಾವ ಪುಟದಲ್ಲಿ ಎಂದು ನಿನ್ನ ಮುಂದೆ ಬಂದು ನಿಂತು ಹೇಳುತ್ತೇನೆ. ಗೇಟಿನಿಂದ ತಿರುಗುವುದಿಲ್ಲ.

ಕೆಲಸ ಬಿಡುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೇನೆ. ಬೆಲ್ಲಿನ ದಿನದಿಂದಲೂ ಕಾಯುತ್ತಿದ್ದರೋ ಏನೋ, ಬೇಗ ಒಪ್ಪಿದರು. ಮೊಳೆಯಣ್ಣ ಮಾತ್ರ ಬಾಯಿ ತುಂಬ ಮೊಳೆ ಕಚ್ಚಿಕೊಂಡು ಹಲಗೆ ಉಜ್ಜುತ್ತ ಕೂತಿದ್ದಾರೆ. ಅವರಿಗೊಂದು ಕಾಗದ ಬರೆ, ನಿನ್ನ ಕೈಯಲ್ಲಿ.

ಡಿಸೆಂಬರ್ ಕೊನೆಗೆ ಬರುತ್ತೇನೆ. ಹಾಸಿಗೆ ಬಿಸಿಲಿಗೆ ಹಾಕಬಹುದು ಎಂದು ಅಮ್ಮನಿಗೆ ಹೇಳು.

ನಿನ್ನ ತಮ್ಮ